ಪದ ಬೇಕು: 'ಮೀಡಿಯಾ ರಿಯಾಕ್ಟರ್' (ಬೋರ್ಡ್ ನಾಳೆ ಪ್ರಿಂಟಿಗೆ ಹೋಗಬೇಕು)

ಶಿವಮೊಗ್ಗದಿಂದ:

ನಮಸ್ಕಾರ. ಒಂದು ಪದ ಬೇಕಿತ್ತು, ಸ್ವಲ್ಪ ಅವಸರ.

ಇಲ್ಲಿ ಗೆಳೆಯರೊಬ್ಬರು ತಮ್ಮ ಅಕ್ವೇರಿಯಂ ಅಂಗಡಿಯಲ್ಲಿ ಉಪ್ಪುನೀರಿನ ದೊಡ್ಡ ತೊಟ್ಟಿ ಇಟ್ಟಿದ್ದಾರೆ. ಕಡಲಿನ ಮೀನು, ಮೆತ್ತನೆಯ ಹವಳ ಎಲ್ಲ ಇವೆ. ಶಾಲೆ ಮಕ್ಕಳು ನೋಡೋಕೆ ಬರುತ್ತಾರೆ ಅಂತ ಪ್ರತಿ ಸಾಧನದ ಪಕ್ಕ ಕನ್ನಡದ ಬೋರ್ಡ್ ಹಾಕಿಸುತ್ತಿದ್ದೇವೆ. ಪಂಪ್, ಹೀಟರ್ ಹಾಗೇ ಬಿಟ್ಟಿದ್ದೇವೆ. ಸಿಕ್ಕಿಕೊಂಡಿರುವುದು 'ಮೀಡಿಯಾ ರಿಯಾಕ್ಟರ್' ಹತ್ತಿರ.

ಮೀನಿಗೆ ಹಾಕುವ ತಿಂಡಿಯಿಂದ ನೀರಿಗೆ ಫಾಸ್ಫೇಟ್ ಸೇರುತ್ತದೆ. ಜಾಸ್ತಿಯಾದರೆ ಪಾಚಿ ಹಬ್ಬುತ್ತದೆ. ಕಲ್ಲುಹವಳ ಇದ್ದರೆ ಅದರ ಸುಣ್ಣದ ಗೂಡು ಬೆಳೆಯುವುದೂ ನಿಧಾನವಾಗುತ್ತದೆ. ಫಾಸ್ಫೇಟ್ ತಗ್ಗಿಸೋಕೆ ಈ ಸಾಧನ. ನೆಟ್ಟಗೆ ನಿಂತ ಪ್ಲಾಸ್ಟಿಕ್ ಕೊಳವೆ, ಒಳಗೆ ಕಬ್ಬಿಣದ ಆಕ್ಸೈಡಿನ ಕಾಳು, 'ಮೀಡಿಯಾ' ಅನ್ನೋದು ಇದಕ್ಕೇ. ಚಿಕ್ಕ ಪಂಪ್ ನೀರನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಮೇಲಿನ ಕಾಳು ಸಣ್ಣಗೆ ಕುಣಿಯುತ್ತಿರಬೇಕು. ಜೋರಾದರೆ ಕಾಳು ಒಂದಕ್ಕೊಂದು ಉಜ್ಜಿ ಪುಡಿಯಾಗಿ ತೊಟ್ಟಿಯೆಲ್ಲ ಕೆಂಪಾಗುತ್ತದೆ, ನಿಧಾನವಾದರೆ ಗಟ್ಟಿ ಹೆಂಟೆಯಾಗಿಬಿಡುತ್ತದೆ.

ಮೊಬೈಲಿನಲ್ಲಿ ಅನುವಾದ ಕೇಳಿದೆ. 'ಮಾಧ್ಯಮ ಕ್ರಿಯಾಕಾರಿ' ಅಂತು. ಪತ್ರಕರ್ತರ ಸಂಘದ ಹುದ್ದೆ ಇರಬೇಕು ಅಂದುಕೊಳ್ಳುತ್ತಾರೆ ಜನ.

ಸಾಗರದಿಂದ:

ರಿಯಾಕ್ಟರ್ ಅಂತಲೇ ಬರೆಯಿರಿ. ಇಲ್ಲದ ಕಷ್ಟ ಯಾಕೆ?

ಶಿವಮೊಗ್ಗದಿಂದ:

ಬರೆಯಬಹುದು ಸಾರ್. ಆದರೆ ನಮ್ಮ ಕಡೆ ರಿಯಾಕ್ಟರ್ ಅಂದರೆ ಮೊದಲು ನೆನಪಾಗುವುದು ಕೈಗಾ. ಮೀನಿನ ತೊಟ್ಟಿ ಪಕ್ಕ ಆ ಪದ ನೋಡಿದರೆ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೋಗುತ್ತಾರೆ.

ಹೊಸನಗರದಿಂದ:

'ಹೀರುಗೊಳವೆ'. ಹೀರು + ಕೊಳವೆ, ಆದೇಶ ಸಂಧಿ. ಅಚ್ಚಗನ್ನಡ. ಬೇರೆ ಚರ್ಚೆ ಬೇಡ.

ಕೊಪ್ಪದಿಂದ:

ಹೀರುಗೊಳವೆ ಅಂದರೆ ಎಳನೀರು ಕುಡಿಯೋ ಸ್ಟ್ರಾ ಅಲ್ವಾ?

ತೀರ್ಥಹಳ್ಳಿಯಿಂದ (ರಸಾಯನಶಾಸ್ತ್ರ ಪಾಠ ಮಾಡುವವಳು):

'ಹೀರು' ತಪ್ಪು. ಬಟ್ಟೆ ನೀರು ಹೀರುತ್ತದೆ, ಅಂದರೆ ನೀರು ಒಳಗೆಲ್ಲ ಹರಡುತ್ತದೆ. ಇಲ್ಲಿ ಫಾಸ್ಫೇಟ್ ಕಾಳಿನ ಮೈಗೆ ಅಂಟುತ್ತದೆ, ಅಷ್ಟೆ. ಕಾಳಿನ ಒಳಗಿನ ಸಣ್ಣ ಸಣ್ಣ ತೂತುಗಳ ಗೋಡೆಯೂ ಮೈಯೇ. ಎರಡಕ್ಕೂ ಒಂದೇ ಪದ ಹಾಕಿದರೆ ಪರೀಕ್ಷೆಯಲ್ಲಿ ಮಕ್ಕಳ ಅಂಕ ನಾನೇ ಕಡಿಯಬೇಕಾಗುತ್ತದೆ.

ಸಾಗರದಿಂದ:

ಹಾಗಾದರೆ 'ಫಿಲ್ಟರ್' ಅನ್ನಿ. ಮುಗೀತು.

ಶಿವಮೊಗ್ಗದಿಂದ:

ಫಿಲ್ಟರ್ ಬೇರೆ ಇದೆ ಸಾರ್, ಕಸ ಹಿಡಿಯುವ ಬಟ್ಟೆಚೀಲ. ಫಾಸ್ಫೇಟ್ ನೀರಿನಲ್ಲಿ ಕರಗಿರುವುದು. ಕಾಫಿ ಸೋಸಿದರೆ ಸಕ್ಕರೆ ಜರಡಿಯಲ್ಲಿ ನಿಲ್ಲುತ್ತದೆಯೇ?

ಹೊಸನಗರದಿಂದ:

ಸರಿ, ಫಾಸ್ಫರಸ್‌ಗೆ ರಂಜಕ ಅಂತಾರೆ, 'ರಂಜಕನಾಶಕ' ಮಾಡಿ. ಸಂಸ್ಕೃತ ಬೇಕಿದ್ದರೆ ಪೂರ್ತಿ ಸಂಸ್ಕೃತ. 'ರಂಜಕಗೊಳವೆ' ಅಂತ ಅರಿಸಮಾಸ ಮಾತ್ರ ಮಾಡಬೇಡಿ.

ತೀರ್ಥಹಳ್ಳಿಯಿಂದ:

ಅರಿಸಮಾಸ ಇರಲಿ, ಮೊದಲು ಅರ್ಥ ನೋಡಿ. ಇಲ್ಲಿ ಯಾವುದೂ ನಾಶವಾಗುವುದಿಲ್ಲ. ಫಾಸ್ಫೇಟ್ ಕಾಳಿನ ಮೇಲೆ ಕೂರುತ್ತದೆ. ಕಾಳು ತುಂಬಿದ ಮೇಲೆ ಅದನ್ನು ತೆಗೆದು ಹೊಸದು ಹಾಕುತ್ತಾರೆ. ಫಾಸ್ಫೇಟ್ ಹೊರಗೆ ಹೋಗುವುದು ಆಗ. ಪೂರ್ತಿ ಸೊನ್ನೆ ಮಾಡುವುದೂ ಗುರಿಯಲ್ಲ. ಹವಳಕ್ಕೂ ಅದರೊಳಗಿನ ಪಾಚಿಗೂ ಚೂರು ಫಾಸ್ಫೇಟ್ ಬೇಕು. ಸಾಮಾನ್ಯವಾಗಿ ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಒಳಗೆ ಇಟ್ಟುಕೊಳ್ಳುತ್ತಾರೆ. ಒಂದೇ ಸಲ ಜಾಸ್ತಿ ಕಾಳು ಸುರಿದು ಫಾಸ್ಫೇಟ್ ದಡಕ್ಕನೆ ಇಳಿಸಿದರೆ ಹವಳ ಬಿಳಿಚಿ ಸಾಯಲೂಬಹುದು. ಸ್ವಲ್ಪ ಹಾಕಿ, ಅಳೆದು ನೋಡಿ, ಆಮೇಲೆ ಏರಿಸಬೇಕು. 'ನಾಶಕ' ಅಂತ ಬರೆದರೆ ಓದಿದವರು ಸೊನ್ನೆಗೆ ತರಬೇಕು ಅಂದುಕೊಳ್ಳುತ್ತಾರೆ.

'ರಂಜಕ' ಅಂದರೂ ಪೂರ್ತಿ ಸರಿಯಲ್ಲ. ಅದು ಮೂಲವಸ್ತು. ತೊಟ್ಟಿಯಲ್ಲಿರುವುದು ಫಾಸ್ಫೇಟ್.

ಕೊಪ್ಪದಿಂದ:

ಮೇಡಂ, ರಂಜಕ ಇರಲಿ ಬಿಡಿ. ಅಡಿಕೆ ಬೆಳೆಯುವವರಿಗೆ ಅದು ಮನೆಮಾತು. ಸಾರಜನಕ, ರಂಜಕ, ಪೊಟ್ಯಾಷ್. ಒಂದು ಮರಕ್ಕೆ ವರ್ಷಕ್ಕೆ 100:40:140 ಗ್ರಾಂ ಅಂತಾರಲ್ಲ, ನಡುವಿನ 40 ಅದೇ. ಅಲ್ಲೂ ಯಾರೂ ಬರಿಯ ಮೂಲವಸ್ತು ಸುರಿಯುವುದಿಲ್ಲ. ಸುರಿದರೆ ತೋಟಕ್ಕೆ ಬೆಂಕಿ ಬೀಳುತ್ತದೆ.

ನೀವು ಹೇಳಿದ ಕೆಲಸ ನಮಗೆ ಹೊಸದೇನಲ್ಲ. ಮಲೆನಾಡಿನ ಕೆಂಪು ಹುಳಿಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್ ಧಾರಾಳ. ಸೂಪರ್ ಫಾಸ್ಫೇಟ್ ಹಾಕಿದರೆ ಬೇರಿಗೆ ಸಿಗುವ ಮೊದಲೇ ಸುಮಾರು ಪಾಲು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಸುಣ್ಣ ಹಾಕಿ, ರಾಕ್ ಫಾಸ್ಫೇಟ್ ಹಾಕಿ ಅನ್ನೋದು. ತೋಟದಲ್ಲಿ ನಮಗೆ ತಲೆನೋವಾದದ್ದನ್ನೇ ನಿಮ್ಮ ಗೆಳೆಯರು ದುಡ್ಡು ಕೊಟ್ಟು ಕೊಳವೆಯಲ್ಲಿ ತುಂಬಿಸಿಕೊಂಡಿದ್ದಾರೆ. ಇದಕ್ಕೆ ನಾವು ಆಡುವ ಮಾತು 'ಮಣ್ಣು ಗೊಬ್ಬರ ಹಿಡ್ಕೊಳ್ತದೆ' ಅಂತ. ಹೀರ್ತದೆ ಅನ್ನಲ್ಲ, ನಾಶ ಮಾಡ್ತದೆ ಅಂತಲೂ ಅನ್ನಲ್ಲ. ಹಿಡಿಯುತ್ತದೆ.

ಶಿವಮೊಗ್ಗದಿಂದ:

ಇದು ಹಿಡಿಸಿತು. 'ರಂಜಕ ಹಿಡಿಯುವ ಕೊಳವೆ' ಆಗಬಹುದಾ?

ಹೊಸನಗರದಿಂದ:

ಮೂರು ಪದ ಜೋಡಿಸಿದರೆ ವಿವರಣೆಯಾಯಿತು, ಹೆಸರಾಗಲಿಲ್ಲ. 'ಹಿಡಿಗೊಳವೆ' ಅನ್ನಿ.

ಸಾಗರದಿಂದ:

ಹಿಡಿ ಇರುವ ಕೊಳವೆ. ಛತ್ರಿಯ ಪೈಕಿ.

ಹೊಸನಗರದಿಂದ:

ನಗುವುದು ಸುಲಭ. ಹೊಸ ಪದ ಕಟ್ಟಿದ ದಿನ ಯಾವುದೂ ಕಿವಿಗೆ ಹಿತವಾಗಿರುವುದಿಲ್ಲ, ಬಳಸಿ ಬಳಸಿ ಆಗುತ್ತದೆ. ನೀವೆಲ್ಲ ಸೇರಿ ಬಳಸುವ ಮೊದಲೇ ಸಾಯಿಸುತ್ತೀರಿ. 'ರಂಜಕ' ಸಂಸ್ಕೃತ, 'ಫಾಸ್ಫೇಟ್' ಇಂಗ್ಲಿಷ್. ಇಡೀ ಬೋರ್ಡಿನಲ್ಲಿ ಕನ್ನಡದ್ದು ಅಂತ ಉಳಿಯುವುದು 'ಹವಳ' ಒಂದೇ.

ಸಾಗರದಿಂದ:

ಅದೂ ಉಳಿಯುವುದಿಲ್ಲ ಮಾರಾಯ್ರೇ. ಹವಳ, ಹಳಗನ್ನಡದ ಪವಳ, ಪ್ರಾಕೃತದ ಪವಾಲ, ಸಂಸ್ಕೃತದ ಪ್ರವಾಲ. ಪಕಾರ ಹಕಾರವಾದ್ದು ಮಾತ್ರ ನಮ್ಮ ಸ್ವಂತ ದುಡಿಮೆ.

ಹೊಸನಗರದಿಂದ:

ತಮಿಳಿನಲ್ಲಿ ಪವಳಂ ಇದೆ. ದ್ರಾವಿಡ ಮೂಲದಿಂದ ಸಂಸ್ಕೃತಕ್ಕೇ ಹೋಗಿರಬಾರದೇಕೆ? ಕಡಲು ನಮ್ಮ ಕಡೆಗಿತ್ತು. ಹವಳ ಕಂಡವರು ನಾವು.

ಸಾಗರದಿಂದ:

ತಮಿಳೂ ಸಾಲ ತಂದಿರಬಾರದೇಕೆ? ಕಡಲಿದ್ದವರದ್ದೇ ಪದ ಅನ್ನುವುದಾದರೆ ಕಡಲೇ ಇಲ್ಲದ ಹೊಸನಗರದವರು ಸುಮ್ನಿರಬೇಕು.

ತೀರ್ಥಹಳ್ಳಿಯಿಂದ:

ಇಬ್ಬರೂ ಇದಕ್ಕೆ ಬೇರೆ ಎಳೆ ತೆರೆಯಿರಿ. ಪಾಪ, ಅವರಿಗೆ ನಾಳೆ ಪ್ರಿಂಟ್ ಇದೆ.

ನನ್ನ ಒಪ್ಪಿಗೆ 'ರಂಜಕ ಹಿಡಿಯುವ ಕೊಳವೆ'ಗೆ. ಕೆಳಗಿನ ಸಾಲಿನಲ್ಲಿ 'ಫಾಸ್ಫೇಟ್' ಪದ ಬರಲೇಬೇಕು. ಒಳಗಿನ ಕಾಳಿಗೆ 'ಮಾಧ್ಯಮ' ಬೇಡ, 'ಕಬ್ಬಿಣದ ತುಕ್ಕಿನ ಕಾಳು' ಅನ್ನಿ. ರಾಸಾಯನಿಕವಾಗಿ ತುಕ್ಕಿನ ಹತ್ತಿರದ್ದೇ ಅದು. ಬಣ್ಣ ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ.

ಶಿವಮೊಗ್ಗದಿಂದ:

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ:

"ರಂಜಕ ಹಿಡಿಯುವ ಕೊಳವೆ. ಮೀನಿನ ತಿಂಡಿಯಿಂದ ನೀರಿಗೆ ಸೇರುವ ಫಾಸ್ಫೇಟನ್ನು ಒಳಗಿನ ಕಬ್ಬಿಣದ ತುಕ್ಕಿನ ಕಾಳು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ತೋಟದ ಕೆಂಪು ಮಣ್ಣು ಮಾಡುವುದೂ ಇದನ್ನೇ."

ಹೊಸನಗರದಿಂದ:

ನಿಮ್ಮಿಷ್ಟ. ಪಕ್ಕದ ಪ್ರೋಟೀನ್ ಸ್ಕಿಮ್ಮರ್‌ಗೆ ಏನು ಬರೆದಿದ್ದೀರಿ?

ಶಿವಮೊಗ್ಗದಿಂದ:

'ನೊರೆ ತೆಗೆಯುವ ಡಬ್ಬ.'

ಹೊಸನಗರದಿಂದ:

ಡಬ್ಬ ಯಾವ ಭಾಷೆ?