ಸಹಾಯ ಬೇಕು: ಹಳೆ ಮಿನಿ ಸ್ಟೀರಿಯೋದಲ್ಲಿ ‘ಗುಂಯ್’ ಶಬ್ದ

ನಮಸ್ಕಾರ. ಅಪ್ಪನ ಮಿನಿ ಸ್ಟೀರಿಯೋವನ್ನು ಅಟ್ಟದಿಂದ ಇಳಿಸಿ ಹಾಲ್‌ನಲ್ಲಿ ಜೋಡಿಸಿದ್ದೇನೆ. ಮೊದಲ ದಿನ ಬೇಸ್ ಇರಲೇ ಇಲ್ಲ. ನೋಡಿದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ವೈರ್ ಅದಲು ಬದಲಾಗಿತ್ತು! ಈಗ ಸಿಡಿ ಚೆನ್ನಾಗಿ ಓಡುತ್ತದೆ. ವೈರ್ ಆಂಟೆನಾ ಕಿಟಕಿ ಹತ್ತಿರ ನೇತುಹಾಕಿದ ಮೇಲೆ ಮೈಸೂರು ಆಕಾಶವಾಣಿ 100.6 ಕೂಡ ಗರಗರ ಇಲ್ಲದೆ ಬರುತ್ತಿದೆ.

ತೊಂದರೆ ಟಿವಿಯದು. ಹೆಡ್‌ಫೋನ್ ತೂತಿನಿಂದ ಸ್ಟೀರಿಯೋದ ಆಕ್ಸ್‌ಗೆ (ಹೊರಗಿನ ಆಡಿಯೋ ಕೊಡುವ ಜಾಗ) ಕೆಂಪು-ಬಿಳಿ ಪಿನ್ನಿನ ಕೇಬಲ್ ಹಾಕಿದರೆ ಹಿಂದೆ ಒಂದೇ ಸಮನೆ ‘ಗುಂಯ್’ ಅನ್ನುತ್ತದೆ. ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್ ಕೇಬಲ್ ಬಿಚ್ಚಿದ ತಕ್ಷಣ ನಿಲ್ಲುತ್ತದೆ. ಇದು ಗ್ರೌಂಡ್ ಲೂಪ್ (ಅರ್ಥ್ ಎರಡು ದಾರಿಯಲ್ಲಿ ಸೇರಿ ಸುತ್ತು ಆಗುವುದು) ಇರಬೇಕು, ಅಲ್ವಾ? ಪ್ಲಗ್ಗಿನ ಅರ್ಥ್ ಪಿನ್ ತೆಗೆಯಿರಿ ಅಂತ ಮಾತ್ರ ಹೇಳಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ. ಆಡಿಯೋ ಕೇಬಲ್‌ಗೆ ಗ್ರೌಂಡ್ ಲೂಪ್ ಐಸೊಲೇಟರ್ (ಆ ಸುತ್ತನ್ನು ಕಡಿದು ಶಬ್ದ ಮಾತ್ರ ದಾಟಿಸುವ ಸಣ್ಣ ಡಬ್ಬಿ) ಹಾಕಿದವರು ಯಾರಾದರೂ ಇದ್ದೀರಾ? ಅದರಿಂದ ಬೇಸ್ ಕಡಿಮೆ ಆಗುತ್ತದಾ?