ಮೂಗಿನ ಮೇಲೆ ಎಣ್ಣೆ, ಕೆನ್ನೆ ಮೇಲೆ ಬಿರುಕು: ಈ ಮುಖಕ್ಕೆ ಮೇಕಪ್ ಹೇಗೆ ನಿಲ್ಲುತ್ತೆ?

ಮಂಡಕ್ಕಿ_ಮಿರ್ಚಿ:
ಊರು ದಾವಣಗೆರೆ, ವಿದ್ಯಾನಗರ. ಹೋದ ವಾರ ಚಿಕ್ಕಮ್ಮನ ಮಗಳ ಮದುವೆ ಇತ್ತು. ಬೆಳಿಗ್ಗೆ ಐದಕ್ಕೇ ಎದ್ದು ಮೇಕಪ್ ಮಾಡಿಕೊಂಡೆ. ಧಾರೆ ಮುಗಿಯುವಷ್ಟರಲ್ಲಿ ಮೂಗು, ಹಣೆ ಎಣ್ಣೆ ಸುರಿದ ಹಾಗೆ ಹೊಳೆಯುತ್ತಿತ್ತು, ಕೆನ್ನೆ ಮೇಲೆ ಮಾತ್ರ ಫೌಂಡೇಶನ್ ಬತ್ತಿದ ಕೆರೆ ಥರ ಬಿರುಕು ಬಿಟ್ಟಿತ್ತು. ಫೋಟೊ ನೋಡಿ ಅಮ್ಮ "ಇದೇನೇ, ಮೈದಾ ಹಿಟ್ಟು ಬಳ್ಕೊಂಡಂಗಿದೆ" ಅಂದರು.

ನನ್ನದು ಎಣ್ಣೆ ಚರ್ಮ ಅಂತ ಕ್ರೀಮ್ ಹಚ್ಚೋದೇ ಬಿಟ್ಟಿದ್ದೇನೆ. ದಿನಕ್ಕೆ ನಾಲ್ಕೈದು ಸಲ ಫೇಸ್‌ವಾಶ್ ಹಾಕಿ ತೊಳೆಯುತ್ತೇನೆ. ಆವತ್ತು ಸನ್‌ಸ್ಕ್ರೀನ್ ಹಚ್ಚಿದ ತಕ್ಷಣ ಪ್ರೈಮರ್ (ಫೌಂಡೇಶನ್ ಕೆಳಗೆ ಹಚ್ಚುವ ಪದರ), ಅದರ ಬೆನ್ನಿಗೇ ಫೌಂಡೇಶನ್, ಕೊನೆಗೆ ಕಾಂಪ್ಯಾಕ್ಟ್ ಪೌಡರ್ ಧಾರಾಳ. ಹಚ್ಚುವಾಗಲೇ ರಬ್ಬರ್ ಚೂರಿನ ಹಾಗೆ ಉರುಳಿ ಉರುಳಿ ಉದುರುತ್ತಿತ್ತು. ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ತಪ್ಪು ಫೌಂಡೇಶನ್‌ದೋ, ನಂದೋ?

ಕೋಟೆ_ಗಾಳಿ:
ಚಿತ್ರದುರ್ಗದಲ್ಲಿ ಮದುಮಕ್ಕಳಿಗೆ ಮೇಕಪ್ ಮಾಡ್ತೀನಿ. ಬೇಜಾರಾಗಬೇಡಿ, ಮುಕ್ಕಾಲು ಪಾಲು ನಿಮ್ಮದೇ 😄

ನಿಮ್ಮದು ಬರೀ ಎಣ್ಣೆ ಚರ್ಮ ಅಲ್ಲ, ಮಿಶ್ರ ಚರ್ಮ ಅನಿಸುತ್ತೆ. ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಸುಮ್ನೆ ಬಿಡಿ. ಆಮೇಲೆ ಟಿಶ್ಯೂ ಒತ್ತಿ ನೋಡಿ. ಹಣೆ, ಮೂಗು, ಗಲ್ಲದಲ್ಲಿ ಮಾತ್ರ ಎಣ್ಣೆ ಅಂಟಿ, ಕೆನ್ನೆ ಬಿಗಿದ ಹಾಗಿದ್ದರೆ ಅದೇ. ಚರ್ಮಕ್ಕೆ ಎಣ್ಣೆ ಬೇರೆ, ನೀರು ಬೇರೆ. ಮೇಲೆ ಎಣ್ಣೆ ಇದ್ದರೂ ಒಳಗೆ ನೀರಿನ ಅಂಶ ಕಡಿಮೆ ಇರಬಹುದು. ನಾಲ್ಕೈದು ಸಲ ಫೇಸ್‌ವಾಶ್ ಹಾಕಿದರೆ ಕೆನ್ನೆ ಇನ್ನೂ ಒಣಗುತ್ತೆ. ಎರಡು ಸಲ ಸಾಕು.

ಮುಖ ಸ್ವಲ್ಪ ಒದ್ದೆ ಇರುವಾಗಲೇ ಗ್ಲಿಸರಿನ್ ಇರುವ ಜೆಲ್ ಥರದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ, ಕೆನ್ನೆಗೆ ಮಾತ್ರ ಮೇಲೊಂದು ಕ್ರೀಮ್. ಐದು ನಿಮಿಷ ಬಿಟ್ಟು ಸನ್‌ಸ್ಕ್ರೀನ್, ಅದು ಕೂತ ಮೇಲೆ ಮೇಕಪ್. ಪೂರ್ತಿ ಒಣ ಚರ್ಮದವರು ಪೌಡರ್ ತಂಟೆಗೇ ಹೋಗಬೇಡಿ.

ಉದುರಿದ್ದು ಯಾಕೆ ಅಂದರೆ, ಒಂದು ಪದರ ಕೂರುವ ಮುಂಚೆ ಇನ್ನೊಂದು ಹಾಕಿದ್ದು. ಜೊತೆಗೆ ಪ್ರೈಮರ್‌ಗೂ ಫೌಂಡೇಶನ್‌ಗೂ ಜಾತಕ ಕೂಡಬೇಕು! ಪ್ರೈಮರ್ ಡಬ್ಬಿ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಡೈಮೆಥಿಕೋನ್ ಥರ 'ಕೋನ್' ಅಂತ ಮುಗಿಯುವ ಹೆಸರು ಮೊದಲಲ್ಲೇ ಇದ್ದರೆ ಅದು ಸಿಲಿಕೋನ್ ಬಗೆ. ಅದರ ಮೇಲೆ ನೀರೇ ಮುಖ್ಯವಾಗಿರುವ ಫೌಂಡೇಶನ್ ಎಷ್ಟೋ ಸಲ ನಿಲ್ಲಲ್ಲ. ಅಂಗೈ ಹಿಂಭಾಗದಲ್ಲಿ ಎರಡನ್ನೂ ಒಂದೊಂದು ಹನಿ ಕಲಸಿ ನೋಡಿ. ಒಡೆದ ಹಾಲಿನ ಹಾಗೆ ಬೇರೆ ಬೇರೆಯಾದರೆ ಮುಖದ ಮೇಲೂ ಅದೇ ಕಥೆ. ನಾನು ಹೊಸ ಡಬ್ಬಿ ತಂದಾಗಲೆಲ್ಲ ಮೊದಲು ಮಾಡೋದು ಇದೇ.

ಬೆಣ್ಣೆ_ಖಾಲಿ:
ಇಷ್ಟೆಲ್ಲ ಯಾಕೆ? ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಯಾವ ಪ್ರೈಮರ್ ನಿಲ್ಲುತ್ತೆ ಹೇಳಿ. ನಮ್ಮಜ್ಜಿ ಕಡಲೆಹಿಟ್ಟು, ಕೊಬ್ಬರಿಎಣ್ಣೆ ಬಿಟ್ಟು ಬೇರೆ ಮುಟ್ಟಲಿಲ್ಲ. ಮೇಕಪ್ ಕೆಳಗೆ ಎರಡು ಹನಿ ಕೊಬ್ಬರಿಎಣ್ಣೆ ಹಚ್ಚಿ ಸಾಕು.

ಔಷಧಿ_ಅಂಗಡಿ:
ಅಜ್ಜಿ ಫೌಂಡೇಶನ್ ಹಚ್ಚುತ್ತಿರಲಿಲ್ಲ ಅಲ್ವಾ ಅಣ್ಣ! ಮೊಡವೆ ಬರುವ ಚರ್ಮಕ್ಕೆ ಕೊಬ್ಬರಿಎಣ್ಣೆ ಹಚ್ಚಿ ಬಿಟ್ಟರೆ ರಂಧ್ರ ಕಟ್ಟುತ್ತೆ. ರಾತ್ರಿ ಕಾಜಲ್ ತೆಗೆಯೋಕೆ ಬಳಸಿ, ಆಮೇಲೆ ಫೇಸ್‌ವಾಶ್‌ನಿಂದ ತೊಳೆಯಿರಿ.

ಫೌಂಡೇಶನ್‌ನಲ್ಲೇ ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಗುಣ) ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ. ಮುಖ, ಕುತ್ತಿಗೆಗೆ ಎರಡು ಬೆರಳು ಉದ್ದಕ್ಕೆ ಹಿಂಡಿದಷ್ಟು ಬೇಕು, ಅಷ್ಟು ಫೌಂಡೇಶನ್ ಯಾರೂ ಬಳಿಯಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳ್ತೀನಿ. ಮದುವೆ ಹತ್ತಿರ ಬಂತು ಅಂದರೆ ಬೆಳ್ಳಗಾಗುವ ಟ್ಯೂಬ್ ಕೊಡಿ ಅಂತ ಹುಡುಗಿಯರು ಬರುತ್ತಾರೆ. ಟ್ಯೂಬ್ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ವೈದ್ಯರು ಬರೆಯದೆ ಮುಖಕ್ಕೆ ಹಚ್ಚಬೇಡಿ. ಮೊದಲು ಚೆನ್ನಾಗೇ ಕಾಣುತ್ತೆ, ಬರುಬರುತ್ತಾ ಚರ್ಮ ತೆಳುವಾಗಿ ಮೊಡವೆ ಏಳುತ್ತೆ, ಬಿಟ್ಟರೆ ಮುಖ ಕೆಂಪಗೆ ಉರಿಯುತ್ತೆ. ಅದರ ಮೇಲೆ ಯಾವ ಮೇಕಪ್ಪೂ ಕೂರಲ್ಲ.

ಮಂಡಕ್ಕಿ_ಮಿರ್ಚಿ:
ಎಲ್ಲರಿಗೂ ಥ್ಯಾಂಕ್ಸ್. ಅಂಗೈ ಹಿಂದೆ ಕಲಸಿದೆ, ಒಡೆದ ಹಾಲೇ! ಭಾನುವಾರ ಅರ್ಧ ಮುಖಕ್ಕೆ ಕೋಟೆ ಅಕ್ಕನ ಥರ, ಇನ್ನರ್ಧಕ್ಕೆ ನನ್ನ ಹಳೇ ಥರ ಹಚ್ಚಿ ಮಂಡಿಪೇಟೆಗೆ ಹೋಗಿ ಬಂದೆ. ಅಕ್ಕನ ಕಡೆ ಕೆನ್ನೆ ಹಾಗೇ ಇತ್ತು. ಮೂಗು ಮಾತ್ರ ಎರಡೂ ಕಡೆ ಹೊಳೆಯಿತು. ಅದಕ್ಕೆ ಪ್ರತಿ ಸಲ ಕಾಂಪ್ಯಾಕ್ಟ್ ಒತ್ತಬೇಕಾ?

ಕೋಟೆ_ಗಾಳಿ:
ಬೇಡ, ಪದರ ದಪ್ಪ ಆಗುತ್ತೆ. ಮೊದಲು ಟಿಶ್ಯೂ ಒತ್ತಿ ಎಣ್ಣೆ ತೆಗೆಯಿರಿ, ಉಜ್ಜಬೇಡಿ. ಆಮೇಲೂ ಬೇಕು ಅನಿಸಿದರೆ ಮೂಗಿಗೆ ಮಾತ್ರ ಒಂದು ಚೂರು ಪೌಡರ್.