ಪದಚರ್ಚೆ: ಸ್ಕೀ ಬೂಟಿಗೆ ‘ಬಿಗಿ’ ಅನ್ನುವ ಮಾತು ಸಾಕೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಚಾರಣದ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧ ಮಾಡುತ್ತಿದ್ದೇವೆ. ಗುಲ್ಮಾರ್ಗ್, ಔಲಿ ಕಡೆ ಸ್ಕೀಯಿಂಗ್ ಕಲಿತು, ಮುಂದೆ ಎತ್ತರದ ಹಿಮಪರ್ವತಗಳನ್ನು ಸ್ಕೀ ಕಟ್ಟಿಕೊಂಡು ಹತ್ತಬೇಕು ಅನ್ನುವವರಿಗೆ ಇದು. ಬೂಟಿನ ಅಧ್ಯಾಯದ ಕರಡಿನಲ್ಲಿ ಒಂದು ವಾಕ್ಯ ಇದೆ: “ಬೂಟು ಕಾಲಿಗೆ ಬಿಗಿಯಾಗಿ ಕೂರಬೇಕು.” ಓದಲು ಏನೂ ತಪ್ಪಿಲ್ಲ. ಆದರೆ ಇದನ್ನೇ ನಂಬಿ ಬೂಟು ಕೊಂಡವರು 7,000 ಮೀಟರ್ ಎತ್ತರದಲ್ಲಿ ಕಾಲ್ಬೆರಳು ಕಳೆದುಕೊಳ್ಳಬಹುದು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ವಿಷಯ ಬಿಡಿಸಿ ಹೇಳುತ್ತೇನೆ. ಸ್ಕೀ ರೆಸಾರ್ಟಿನ ಬೂಟು ಬಿಗಿಯಾಗಿಯೇ ಇರಬೇಕು. ಅಲ್ಲಿ ಕೇಬಲ್ ಕಾರಿನಲ್ಲಿ ಮೇಲೆ ಹೋಗುತ್ತೀರಿ, ಜಾರಿ ಕೆಳಗಿಳಿಯುತ್ತೀರಿ, ಬಕಲ್ ಸಡಿಲಿಸಿ ಚಹಾ ಕುಡಿಯುತ್ತೀರಿ. ಕಣಕಾಲನ್ನು ಮುಂದಕ್ಕೆ ಒತ್ತಿದರೆ ಆ ಒತ್ತು ತಕ್ಷಣ ಸ್ಕೀಗೆ ಮುಟ್ಟಬೇಕು. ಪರ್ವತಾರೋಹಣದ ಸ್ಕೀ ಬೂಟೇ ಬೇರೆ. ತೂಕ ಕಡಿಮೆ. ಹಿಂಬದಿಯ ಲಿವರ್ ಎತ್ತಿದರೆ ಕಣಕಾಲು ಹಿಂದೆ ಮುಂದೆ ಆಡುತ್ತದೆ. ಅಡಿಯಲ್ಲಿ ರಬ್ಬರ್ ಅಟ್ಟೆ, ಮೂತಿಯ ಎರಡು ಬದಿಗೆ ಬೈಂಡಿಂಗಿನ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯ) ಪಿನ್ನು ಕೂರಲು ಲೋಹದ ಕುಳಿ.

ಚೀನಾದ ಶಿನ್‌ಜಿಯಾಂಗಿನಲ್ಲಿ ಮುಜ್ತಾಗ್ ಅತಾ ಅಂತ 7,546 ಮೀಟರ್ ಎತ್ತರದ ಪರ್ವತ ಇದೆ. ಪಶ್ಚಿಮದ ಇಳಿಜಾರು ಸೌಮ್ಯವಾಗಿರುವುದರಿಂದ ಸ್ಕೀ ಮಾಡುವವರಿಗೆ ಬಹಳ ಇಷ್ಟ. 1980ರಲ್ಲೇ ನೆಡ್ ಗಿಲೆಟ್ ಅವರ ತಂಡ ಅದನ್ನು ಸ್ಕೀಯಲ್ಲೇ ಹತ್ತಿ ಇಳಿದಿತ್ತು. ಅಂಥ ಕಡೆ ಇಳಿಯುವ ಸುಖಕ್ಕಿಂತ ಹತ್ತುವ ಹೊತ್ತೇ ಜಾಸ್ತಿ. ನಾಲ್ಕು ಹೆಜ್ಜೆ ಇಟ್ಟು ನಿಂತು ಉಸಿರೆಳೆದುಕೊಳ್ಳಬೇಕು. ಮೈನಸ್ 20 ಡಿಗ್ರಿಗಿಂತ ಕೆಳಗಿನ ಚಳಿ ಅಲ್ಲಿ ಅಪರೂಪವಲ್ಲ. ಚಳಿಗೆ ದೇಹ ತಾನೇ ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡಿಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಇದರ ಮೇಲೆ ಬೂಟು ಪಾದವನ್ನು ಅದುಮಿದರೆ ಬೆರಳಿಗೆ ರಕ್ತವೇ ಹೋಗುವುದಿಲ್ಲ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುವುದೂ ಉಂಟು. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಒಳಗಿನ ಫೋಮಿನಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಸುಮಾರು 5,500 ಮೀಟರಿಗೆ ಅರ್ಧ. ಗುಳ್ಳೆಗಳು ಉಬ್ಬುತ್ತವೆ. ಬೆಂಗಳೂರಿನಲ್ಲಿ ಸರಿಯಾಗಿದ್ದ ಬೂಟು ಮೇಲೆ ಇಕ್ಕಟ್ಟಾಗಬಹುದು.

ಹಾಗಂತ ದೊಗಲೆ ಬೂಟೂ ಆಗದು. ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದು ಕೂತರೆ ಒಂದೇ ದಿನಕ್ಕೆ ಬೊಬ್ಬೆ ಬರುತ್ತದೆ. ಅಂದರೆ ಒಂದೇ ಬೂಟು ಹಿಂದೆ ಒಂದು ರೀತಿ, ಮುಂದೆ ಇನ್ನೊಂದು ರೀತಿ ಇರಬೇಕು. ‘ಬಿಗಿ’ಯ ತೊಂದರೆ ಇಲ್ಲೇ. ‘ಹಗ್ಗ ಬಿಗಿ ಮಾಡು’ ಅಂದರೆ ಅಲುಗಾಡದಂತೆ ಹಿಡಿಯುವುದು. ‘ಕುಪ್ಪಸ ಬಿಗಿಯಾಯಿತು’ ಅಂದರೆ ಮೈಯನ್ನು ಒತ್ತುವುದು. ಹಿಮ್ಮಡಿಗೆ ಮೊದಲನೆಯ ಅರ್ಥ ಬೇಕು, ಎರಡನೆಯದು ಬೆರಳ ಹತ್ತಿರ ಸುಳಿಯಲೂ ಬಾರದು. ನನ್ನ ಸಲಹೆ ಹೀಗಿದೆ: “ಹಿಮ್ಮಡಿಗೆ ಹಿಡಿತ ಇರಲಿ, ಬೆರಳು ಆಡಿಸಲು ಜಾಗ ಇರಲಿ.” ಗೆಳೆಯರೊಬ್ಬರು “ಬೂಟು ಹಿಮ್ಮಡಿಯನ್ನು ಕಚ್ಚಿ ಹಿಡಿಯಬೇಕು” ಅಂತ ಬರೆದಿದ್ದಾರೆ. ಚೆನ್ನಾಗಿದೆ, ಆದರೆ ‘ಹೊಸ ಚಪ್ಪಲಿ ಕಚ್ಚಿತು’ ಅಂತ ದಿನಾ ಹೇಳುವ ಜನ ನಾವು. ಓದುವವರು ಗಾಯವನ್ನೇ ನೆನೆಯುತ್ತಾರೆ, ಅಲ್ವಾ?

ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯ. ‘ಜೋಮು ಹಿಡಿಯುವುದು’, ‘ಮರಗಟ್ಟುವುದು’, ‘ಸೆಡೆಯುವುದು’. ಈ ಮೂರನ್ನೂ ಬೇರೆ ಬೇರೆ ಅರ್ಥದಲ್ಲಿ ಬಳಸಬಹುದೇ? ನನಗೆ ತಿಳಿದಂತೆ ಜೋಮು ಒತ್ತಿನಿಂದ ಬರುವುದು, ಚಕ್ಕಳಮಕ್ಕಳ ಕೂತಾಗ ಬರುವಂಥದ್ದು. ಬಕಲ್ ಸಡಿಲಿಸಿ ಬೆರಳು ಆಡಿಸಿದರೆ ಚುರುಚುರು ಅಂದು ಹೋಗುತ್ತದೆ. ಸೆಡೆಯುವುದು ಚಳಿಗೆ ಬೆರಳು ಬಿರುಸಾಗಿ ಮಡಚಲು ಬಾರದಿರುವುದು, ನೋವು ಇನ್ನೂ ಇರುತ್ತದೆ. ಮರಗಟ್ಟುವುದು ಸ್ಪರ್ಶವೇ ಹೋಗುವುದು. ಬೆರಳು ಬಿಳಿಚಿ, ಮೇಣದ ಹಾಗೆ ಗಟ್ಟಿಯಾಗಿ, ನೋವೂ ನಿಂತುಹೋದರೆ ಅದು ಅಪಾಯದ ಗುರುತು. “ನೋವು ಹೋಯಿತು, ಸದ್ಯ” ಅಂತ ಮುಂದೆ ನಡೆಯುವವರೇ ಕೆಡುವುದು. ಈ ವ್ಯತ್ಯಾಸ ನಿಮ್ಮ ಊರಿನ ಮಾತಲ್ಲೂ ಇದ್ದರೆ ಕೈಪಿಡಿಯಲ್ಲಿ ಮೂರು ಹಂತಗಳ ಎಚ್ಚರಿಕೆಯಾಗಿ ಹಾಗೇ ಹಾಕುತ್ತೇವೆ. ಪತ್ರಿಕೆಗಳ ‘ಹಿಮಕಡಿತ’ (ಫ್ರಾಸ್ಟ್‌ಬೈಟ್) ಚಾಲ್ತಿಯಲ್ಲಿದೆ, ಇರಲಿ. ಆದರೆ ಅದು ಕೊನೆಯ ಹಂತದ ಹೆಸರು. 1950ರಲ್ಲಿ ಅನ್ನಪೂರ್ಣ ಹತ್ತಿದ ಮಾರಿಸ್ ಎರ್ಜೋಗ್ ಮತ್ತು ಲೂಯಿ ಲಾಶೆನಾಲ್ ಇಬ್ಬರೂ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಂಡರು. ಆಗ ಇದ್ದದ್ದು ಚರ್ಮದ ಬೂಟು. ನಮಗೆ ಬೇಕಾಗಿರುವುದು ಅದಕ್ಕೆ ಮುಂಚಿನ ಹಂತಗಳ ಮಾತು. ಅಲ್ಲಿ ಮಾತ್ರ ಬೆರಳು ಉಳಿಸಲು ಸಮಯ ಇರುತ್ತದೆ.

ಇನ್ನು ಭಾಗಗಳ ಹೆಸರು. ಹೊರಗಿನ ಗಟ್ಟಿ ಪ್ಲಾಸ್ಟಿಕ್ಕಿಗೆ ‘ಹೊರಚಿಪ್ಪು’ ಅಂದಿದ್ದೇವೆ. ಒಳಗಿನ ಫೋಮಿನ ಭಾಗಕ್ಕೆ ಒಬ್ಬರು ‘ಅಸ್ತರು’ ಅಂದರು. ನನಗೆ ಒಪ್ಪಿಗೆಯಿಲ್ಲ. ಅಸ್ತರು ಬಟ್ಟೆಗೆ ಸೇರಿಸಿ ಹೊಲಿದದ್ದು. ಇದು ಪೂರ್ತಿ ಹೊರಗೆ ಬರುತ್ತದೆ, ಬರಲೇಬೇಕು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಬೇಕು, ಇಲ್ಲದಿದ್ದರೆ ಬೆವರಿನ ತೇವ ಹೆಪ್ಪುಗಟ್ಟುತ್ತದೆ. ಹಾಗಾಗಿ ‘ಒಳಬೂಟು’ ಅಂದರೆ ಹೇಗೆ?

ಈ ಎರಡು ಪದ ಇದ್ದರೆ ಕೊಳ್ಳುವಾಗಿನ ಪರೀಕ್ಷೆ ಸಲೀಸಾಗಿ ಬರೆಯಬಹುದು. ಒಳಬೂಟು ತೆಗೆದಿಡಿ. ಬರಿಗಾಲನ್ನು ಹೊರಚಿಪ್ಪಿಗೆ ಇಳಿಸಿ, ಬೆರಳು ಮುಂದೆ ಸುಮ್ನೆ ತಾಗಲಿ. ಹಿಮ್ಮಡಿಯ ಹಿಂದೆ ಎಷ್ಟು ಕೈಬೆರಳು ತೂರುತ್ತದೆ ನೋಡಿ. ರೇಸಿಗೆ ಒಂದು ಬೆರಳು ಸಾಕು. ಕೊರೆಯುವ ಚಳಿಯ ಎತ್ತರಕ್ಕೆ ಎರಡು ಬೆರಳು ಬೇಕು, ಯಾಕೆಂದರೆ ದಪ್ಪ ಒಳಬೂಟು ಹಾಕಬೇಕು. ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲೇ ಇರುತ್ತದೆ. 27 ಮತ್ತು 27.5ಕ್ಕೆ ಅನೇಕ ಕಂಪನಿಗಳು ಒಂದೇ ಹೊರಚಿಪ್ಪು ಕೊಡುತ್ತವೆ, ಆದ್ದರಿಂದ ಅರ್ಧ ಸೈಜು ಏರಿಸಿದರೆ ಜಾಗ ಸಿಕ್ಕಿತು ಅಂದುಕೊಳ್ಳಬೇಡಿ. ಒಳಬೂಟನ್ನು ಅಂಗಡಿಯಲ್ಲಿ ಬಿಸಿ ಮಾಡಿ ಪಾದದ ಆಕಾರಕ್ಕೆ ತರುವಾಗ ಬೆರಳುಗಳಿಗೆ ಟೋಪಿ ತೊಡಿಸಲು ಹೇಳಿ. ಆಗ ಮೂತಿಯಲ್ಲಿ ಜಾಗ ಉಳಿಯುತ್ತದೆ. ಕಾಲುಚೀಲದ ಮೇಲೆ ಕಾಲುಚೀಲ ಹಾಕಿದರೆ ಬೆಚ್ಚಗಾಗುತ್ತದೆ ಅನ್ನುವುದು ತಪ್ಪು. ಜಾಗ ತುಂಬಿ ರಕ್ತ ನಿಲ್ಲುತ್ತದೆ. ಬೂಟಿನ ಮೇಲೆ ತೊಡುವ ಕವಚ ಇದ್ದರೆ ಅದನ್ನೂ, ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟುವ ಮುಳ್ಳಿನ ಚೌಕಟ್ಟಾದ ಕ್ರಾಂಪಾನನ್ನೂ ಅಂಗಡಿಗೇ ಒಯ್ದು ಒಟ್ಟಿಗೆ ಹಾಕಿ ನೋಡಬೇಕು. ಕೆಲವು ಹಗುರ ಬೂಟುಗಳ ಮೂತಿಯಲ್ಲಿ ಕ್ರಾಂಪಾನಿನ ಕಂಬಿ ಕೂರುವ ಅಂಚೇ ಇರುವುದಿಲ್ಲ.

ಬೈಂಡಿಂಗ್, ಕ್ರಾಂಪಾನ್, ಬಕಲ್ ಇವನ್ನು ಹಾಗೇ ಬಿಡೋಣ. ಅಂಗಡಿಯಲ್ಲಿ ಕೇಳಬೇಕಾದದ್ದು ಆ ಹೆಸರಲ್ಲೇ. ‘ಅಟ್ಟೆ’ ಈಗಲೂ ಎಲ್ಲ ಕಡೆ ಬಳಕೆಯಲ್ಲಿದೆಯೇ? ಚಿಕ್ಕವರಿಗೆ ತಿಳಿಯದಿದ್ದರೆ ‘ಸೋಲ್’ ಅಂತಲೇ ಹಾಕುತ್ತೇವೆ. ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಜೋಮು, ಮರಗಟ್ಟು, ಸೆಡೆ ಇವುಗಳಿಗೆ ಏನನ್ನುತ್ತೀರಿ ಅಂತ ದಯವಿಟ್ಟು ಬರೆಯಿರಿ. ಲಡಾಖ್, ಸಿಯಾಚಿನ್ ಕಡೆ ಸೇನೆಯಲ್ಲಿ ಇದ್ದು ಬಂದವರು ಈ ಗುಂಪಿನಲ್ಲಿದ್ದರೆ, ಅಲ್ಲಿ ಕನ್ನಡಿಗರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಮಾತು ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದೆ.